ಹಿಂದಿನ ಚಕ್ರಕ್ಕೆ ಹಿಂಡಿದ ನಿಂಬೆಹಣ್ಣು

ನನ್ನ ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಈಗ ಪಾವಗಡದಿಂದ ವೈ.ಎನ್.ಹೊಸಕೋಟೆಗೆ ಹೋಗುವ ರಸ್ತೆಯ ಪಕ್ಕ, ಕಡಲೆಕಾಯಿ ಕಿತ್ತ ಹೊಲವೊಂದರ ಬದುವಿನಲ್ಲಿ ಎಲ್ಲೋ ಬಿದ್ದಿದೆ. ಅದರ ಪಕ್ಕದ ಹಲ್ಲು ನನ್ನ ಬಳಿಯೇ ಇದೆ, ಆದರೆ ಬಾಯಲ್ಲಿಲ್ಲ, ಮೇಜಿನ ಡ್ರಾಯರಿನಲ್ಲಿದೆ. ಎರಡನ್ನೂ ಕಳೆದುಕೊಂಡದ್ದು ಒಂದೇ ತಪ್ಪಿಗೆ. ನನ್ನ ಕಾರನ್ನು ನಾನು ಒಂದು ದಿನ ತೊಳೆಯಲಿಲ್ಲ. ಹಲ್ಲಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಅದೇ ದಿನ, ಅದೇ ಜಾಗದಲ್ಲಿ ಇನ್ನೊಬ್ಬರು ಕಳೆದುಕೊಂಡದ್ದು ಹಲ್ಲಿಗಿಂತ ದೊಡ್ಡದು, ಮತ್ತು ಅದರಲ್ಲಿ ನನ್ನ ಪಾಲೂ ಇದೆ. ಬರೆಯಲು ಕೂತಿರುವುದು ಅದಕ್ಕಾಗಿ.

ಮೂವತ್ತು ವರ್ಷ ಮಧುಗಿರಿಯಲ್ಲಿ ಕೋರ್ಟು ಗುಮಾಸ್ತನಾಗಿದ್ದೆ. ಪೊಲೀಸರು ತಂದೊಪ್ಪಿಸುವ ಮುದ್ದೆಮಾಲನ್ನು, ಅಂದರೆ ಕೇಸಿಗೆ ಸಾಕ್ಷಿಯಾದ ಮಚ್ಚು, ಕುಡುಗೋಲು, ಹರಿದ ಅಂಗಿ, ಒಡೆದ ಒನಕೆ ಇತ್ಯಾದಿ ಮಾನವಕುಲದ ಆಸ್ತಿಯನ್ನು, ಚೀಟಿ ಕಟ್ಟಿ ಕಪಾಟಿನಲ್ಲಿಡುವುದು ನನ್ನ ಜವಾಬ್ದಾರಿಗಳಲ್ಲೊಂದು. ಒಣಗಿದ ನೆತ್ತರಿನ ಬಣ್ಣ ನನಗೆ ನನ್ನ ಹೆಂಡತಿಯ ಸೀರೆಗಳ ಬಣ್ಣಕ್ಕಿಂತ ಚೆನ್ನಾಗಿ ಗೊತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಬೇಕಾದ ದಿನ ನಾನೇ ಅದನ್ನು ಮರೆತೆ.

ನಿವೃತ್ತನಾದ ಮೇಲೆ ಒಂದು ಬಿಳಿ ಕಾರು ಕೊಂಡೆ. ಸಣ್ಣದು, ಇನ್ನೊಬ್ಬರು ಓಡಿಸಿಬಿಟ್ಟದ್ದು. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಅದನ್ನು ತೊಳೆಯುವ ಕಲಾಪ ಆರಂಭವಾಗುತ್ತದೆ. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ತಲೆ, ಆಮೇಲೆ ಗಾಜು, ಬಾನೆಟ್ಟು, ಬಾಗಿಲು, ಚಕ್ರ ಕಟ್ಟಕಡೆಗೆ. ಮೈಗೆ ನನ್ನ ಹಳೆಯ ಬನೀನು, ಚಕ್ರಕ್ಕೆ ನನ್ನ ಇನ್ನೂ ಹಳೆಯ ಬನೀನು. ಇವೆರಡೂ ಅದಲುಬದಲಾದರೆ ಆ ಭಾನುವಾರದ ಕಲಾಪ ರದ್ದಾಗಿ ಮೊದಲಿನಿಂದ ನಡೆಯಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದರೆ ಬಿಳಿ ಮೈಮೇಲೆ ಇನ್ನೂ ಬಿಳಿಯ ಉಪ್ಪಿನ ಕಲೆ ಬಿಡುತ್ತದೆ. ಅದಕ್ಕೆ ನಿಂಬೆಹಣ್ಣಿನ ಹೋಳು ಉಜ್ಜಿ, ಒಣಬಟ್ಟೆಯಲ್ಲಿ ಒರೆಸಬೇಕು. ಸೀಟುಗಳ ಮೇಲೆ ಬಿಳಿ ಟರ್ಕಿ ಟವೆಲ್ಲಿನ ಗೌಸು. ಒಳಗೆ ಕಡಲೆಕಾಯಿ ತಿನ್ನಕೂಡದು, ಒದ್ದೆ ಪಂಚೆಯಲ್ಲಿ ಕೂರಕೂಡದು, ಎಲೆಅಡಿಕೆಯನ್ನಂತೂ ನೆನೆಯಲೂ ಕೂಡದು.

ಇದನ್ನು ಸಾಧುಸ್ವಭಾವದವರ ಕೆಲಸ ಎಂದು ತಿಳಿಯಬೇಡಿ. ಚಕ್ರಕ್ಕೆ ಕಾಲೆತ್ತಿದ ನಾಯಿಗೆ ಎಸೆದ ನನ್ನ ಹಿತ್ತಾಳೆ ಚೊಂಬು ಗುರಿ ತಪ್ಪಿ ಎದುರುಮನೆಯವರ ಮೊಣಕಾಲಿಗೆ ಬಡಿದು, ಅವರಿಗೂ ನಮಗೂ ನಾಲ್ಕು ವರ್ಷ ಮಾತಿರಲಿಲ್ಲ. ಬಾಗಿಲನ್ನು ಧಡಾರನೆ ಹಾಕಿದ ನನ್ನ ಸ್ವಂತ ಷಡ್ಡಕನ ಕತ್ತುಪಟ್ಟಿ ಹಿಡಿದಿದ್ದೇನೆ. ಅಂಥವನು ನಾನು.

ನನ್ನ ಬಾಮೈದ ಹೊಸಕೋಟೆ ಹೋಬಳಿಯ ಒಂದು ಹಳ್ಳಿಯವನು, ಲಾರಿ ಡ್ರೈವರ್. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಗಂಟಲು. ಆ ವರ್ಷ ಆಯುಧಪೂಜೆಗೆ ನಮ್ಮ ಮನೆಗೆ ಬಂದಿದ್ದ. ಹಿಂದಿನ ದಿನ ನಾನು ಕಾರಿನ ಕಿವಿಮೂಗುಗಳನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದರೆ ಜಗಲಿಯ ಮೇಲೆ ಕೂತು, "ಏಂದಿ ಬಾವ ಇದು, ಕಾರಾ ಮದ್ಲಗಿತ್ತೀನಾ? ಅಕ್ಕನ್ ಮೊಕಾನ ಒಂದ್ ದಪಾನಾರ ಇಂಗೆ ತೊಳ್ದಿದ್ದೀಯಾ?" ಅಂದ.

"ನಿಮ್ಮಕ್ಕ ನಿಂತಲ್ಲಿ ನಿಲ್ಲಲ್ಲ ಕಣಯ್ಯ" ಅಂದೆ.

ಅವನಿಗೆ ಒಂದೇ ಚಿಂತೆ. ವಾಹನಕ್ಕೆ ವರ್ಷಕ್ಕೊಮ್ಮೆ ನೆತ್ತರು ತೋರಿಸದಿದ್ದರೆ ಅದು ತಾನಾಗಿ ಹುಡುಕಿಕೊಂಡು ಹೋಗುತ್ತದೆ ಎಂಬುದು ಅವನ ಸಿದ್ಧಾಂತ. "ಒಂದ್ ಕೋಳಿ ಬಾವ. ಇಂಗ್ ಅಂದ್ರೆ ಅಂಗ್ ಆಗೋಯ್ತದೆ. ನಮ್ ಲಾರಿಗೆ ಕುರೀನೇ ಕೊಯ್ಯಾದು."

"ನನ್ನ ಕಾರಿನ ಹತ್ತಿರ ಕೋಳಿ ತಂದರೆ ಕೋಳಿ ಬದಲು ನಿನ್ನನ್ನ ಕುಯ್ತೀನಿ."

ಮಾತಿಗೆ ಮಾತು ಬೆಳೆದು ಕೈಗೆ ಬಂತು. ಅವನು ತಳ್ಳಿದ, ನಾನೂ ತಳ್ಳಿದೆ, ಸೋಪಿನ ನೀರಿನ ಬಕೆಟ್ಟು ಉರುಳಿತು. ಹೆಂಡತಿ ಒಳಗಿನಿಂದ ಪೊರಕೆ ಹಿಡಿದು ಬಂದು ಇಬ್ಬರಿಗೂ ಸಮನಾಗಿ ಹಂಚಿದಳು. ಕೊನೆಗೆ ಅವನು, "ಸರಿ ಬುಡು ಬಾವ, ನಿನ್ ಕಾರು ನಿನ್ನಿಷ್ಟ" ಎಂದು ಕೈಮುಗಿದ. ಗೆದ್ದೆ ಎಂದುಕೊಂಡೆ. ಇಷ್ಟು ಸುಲಭವಾಗಿ ಒಪ್ಪಿದ ಪ್ರತಿವಾದಿಯನ್ನು ಕೋರ್ಟಿನಲ್ಲಾಗಿದ್ದರೆ ನಂಬುತ್ತಿರಲಿಲ್ಲ.

ಮರುದಿನ ಪೂಜೆ ಕ್ರಮವಾಗಿ ನಡೆಯಿತು. ಬೂದುಗುಂಬಳವನ್ನು ಬೀದಿ ಕೂಡುವಲ್ಲಿ, ಕಾರಿಗೆ ಸಿಡಿಯದಷ್ಟು ದೂರದಲ್ಲಿ ಒಡೆಸಿದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿದೆ. ಹೆಂಡತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿ, ಅದು ಕೆಂಪಗೆ ಓಕುಳಿಯಾದ ಮೇಲೆ ಆರತಿ ಎತ್ತಿ ನಾಲ್ಕು ಚಕ್ರಕ್ಕೂ ಸುರಿದಳು. ಬಿಳಿ ಮೈಮೇಲೆಲ್ಲ ಕೆಂಪು ಸಿಡಿಯಿತು. ನಾನು ಒದ್ದೆಬಟ್ಟೆಗೆ ಕೈ ಹಾಕಿದೆ.

"ಮುಟ್ಟಿದ್ರೆ ನೋಡಿ! ಪೂಜೆ ಮಾಡಿದ್ ಗಾಡೀನ ಮೂರು ದಿನ ತೊಳೀಬಾರ್ದು. ಲಕ್ಷ್ಮಿ ತೊಳ್ದೋಗ್ತಾಳೆ."

ಮೂವತ್ತೈದು ವರ್ಷದಲ್ಲಿ ನಾನು ಪಾಲಿಸಿದ ಆಕೆಯ ಒಂದೇ ಒಂದು ಆಜ್ಞೆ ಅದು.

ವಿಜಯದಶಮಿಯ ಬೆಳಿಗ್ಗೆ ಬಾಮೈದನನ್ನು ಅವನ ಊರಿಗೆ ಬಿಟ್ಟುಬರಲು ಹೊರಟೆ. ಕಾರಿನ ಸುತ್ತ ಒಂದು ಸುತ್ತು ಬಂದೆ. ಬಲಗಡೆಯ ಹಿಂದಿನ ಚಕ್ರದ ಕಲೆ ಉಳಿದ ಮೂರಕ್ಕಿಂತ ಕಪ್ಪಗಿತ್ತು. ನೋಡಿದೆ. ಓಕುಳಿ ದಪ್ಪಗೆ ಬಿದ್ದಿರಬೇಕು ಎಂದುಕೊಂಡು ಹತ್ತಿದೆ. ಮೂವತ್ತು ವರ್ಷ ಮುದ್ದೆಮಾಲಿಗೆ ಚೀಟಿ ಕಟ್ಟಿದ ಕಣ್ಣು ಅದು.

ಪಾವಗಡ ದಾಟಿ ಹೊಸಕೋಟೆ ಕಡೆಗೆ ಹೋಗುವಾಗ ಸುಮಾರು ಹನ್ನೊಂದು ಗಂಟೆ. ಒಂದು ಹಳ್ಳಿಗೆ ತಿರುಗುವ ಗೇಟಿನಲ್ಲಿ ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳು ಎಳೆದಿದ್ದರು. ಆಚೆ ಬದಿ ಎರಡು ಕುರಿ ಸತ್ತು ಬಿದ್ದಿದ್ದವು, ಒಂದರ ಹೊಟ್ಟೆ ಬಿರಿದಿತ್ತು. ಹೊಂಗೆ ನೆರಳಿನಲ್ಲಿ ಒಂದು ಮಂಚ. ಮಂಚದ ಮೇಲೆ ಒಬ್ಬ ಮುದುಕ. ಅವನ ತೊಡೆಗೆ ಬಿಗಿದ ಟವೆಲ್ಲು ತೊಯ್ದು, ಮಂಚದ ನವಾರಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ಸುತ್ತ ಮೂವತ್ತು ನಲವತ್ತು ಜನ. ಆದರೆ ಒಬ್ಬರೂ ಮಂಚದ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ನನ್ನ ಕಾರನ್ನು ನೋಡುತ್ತಿದ್ದರು.

ಆದದ್ದು ಇಷ್ಟು. ಸ್ವಲ್ಪ ಮುಂಚೆ ಒಂದು ಬಿಳಿ ಕಾರು ಆ ಕುರಿಗಾಹಿಯನ್ನೂ ಕುರಿಗಳನ್ನೂ ಹೊಡೆದು ಪಾವಗಡದ ಕಡೆಗೆ ಓಡಿಹೋಗಿತ್ತು. ಈಗ ಪಾವಗಡದ ಕಡೆಯಿಂದ ಇನ್ನೊಂದು ಬಿಳಿ ಕಾರು, ನಾಲ್ಕು ಚಕ್ರದ ಮೇಲೂ ಕೆಂಪು ಸಿಡಿಸಿಕೊಂಡು ಬಂದಿತ್ತು.

"ಇದೇ ಕಣ್ಲಾ! ನೆತ್ರು ನೋಡು ನೆತ್ರು!"

"ಓಡೋದೋನು ವಾಪಸ್ ಯಾಕ್ ಬತ್ತಾನ್ಲಾ?"

"ಏನೂ ಗೊತ್ತಿಲ್ದೋನಂಗೆ ತಿರುಗ್ಸ್ಕೊಂಡ್ ಬಂದವ್ನೆ ಕಣೋ, ಕಳ್ಳ್ ನನ್ಮಗ!"

ವಾದ ಅಷ್ಟಕ್ಕೇ ಮುಗಿಯಿತು. ನಾನು ಗಾಜು ಇಳಿಸಿ, "ನೋಡಿ, ಒಂದು ನಿಮಿಷ" ಎನ್ನುತ್ತಿದ್ದಂತೆ ಒಬ್ಬ ಮುದುಕಿ ಗುಂಪಿನಿಂದ ನುಗ್ಗಿ ಬಂದು ಕುರಿ ಅಟ್ಟುವ ಕೋಲಿನ ತುದಿಯನ್ನು ಕಿಟಕಿಯೊಳಗೆ ನೇರವಾಗಿ ನನ್ನ ಬಾಯಿಗೆ ಇಟ್ಟಳು. ಮುದುಕನ ಹೆಂಡತಿ. ಹಲ್ಲು ಮುರಿಯುವ ಸದ್ದು ಕಿವಿಯಿಂದ ಕೇಳುವುದಿಲ್ಲ, ತಲೆಬುರುಡೆಯಿಂದ ಕೇಳುತ್ತದೆ. ಬಾಗಿಲು ತೆರೆದು ನನ್ನನ್ನು ಕಾಲರ್ ಹಿಡಿದು ಹೊರಗೆಳೆದರು. ಬೆನ್ನಿಗೆ ಒದ್ದರು. ಕೆಳಗೆ ಬಿದ್ದವನ ಪಕ್ಕೆಗೆ ಚಪ್ಪಲಿ ಕಾಲು, ಬರಿಗಾಲು, ಒಂದು ಬೂಟುಗಾಲು. ಬೂಟು ಯಾರದೆಂದು ಇಂದಿಗೂ ಕುತೂಹಲವಿದೆ. ಆ ಕಡೆ ಬಾಮೈದನನ್ನು ಜಾಲಿಮರಕ್ಕೆ ಒರಗಿಸಿ ಕೆನ್ನೆಗೆ ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ಹೊಡೆಯುತ್ತಿದ್ದರು. ಅವನು, "ಅಣ್ಣೋ, ನಾನೂ ಈ ಕಡೆಯೋನೇ ಅಣ್ಣೋ!" ಎಂದು ಎರಡು ಭಾಷೆಯಲ್ಲೂ ಅರಚುತ್ತಿದ್ದ. ಹಣೆ ಒಡೆದು ಒಂದು ಕಣ್ಣಿನೊಳಕ್ಕೆ ನೆತ್ತರು ಇಳಿದಿತ್ತು. ಕಾರಿನ ಹಿಂದಿನ ಗಾಜಿಗೆ ಕಲ್ಲು ಬಿತ್ತು. ಸತ್ಯವನ್ನೇ ಹೇಳುತ್ತೇನೆ, ಒದೆಗಿಂತ ಆ ಸದ್ದು ಹೆಚ್ಚು ನೋಯಿಸಿತು.

ಮಣ್ಣಿನಲ್ಲಿ ಬಾಯಿ ಇಟ್ಟುಕೊಂಡೇ ಕೂಗಿದೆ: "ಅದು ನೆತ್ತರಲ್ಲ! ಓಕುಳಿ! ಅರಿಶಿನ ಸುಣ್ಣ!"

"ಓಕ್ಳಿ ಅಂತೆ! ಓಕ್ಳಿ ಆಡ್ಸ್ತೀವಿ ಬಾ!"

"ನಿಂಬೆಹಣ್ಣು ಹಿಂಡಿ ನೋಡಿ! ಓಕುಳಿ ಆದರೆ ಹಳದಿ ಆಗುತ್ತೆ! ನೆತ್ತರಾದರೆ ಆಗಲ್ಲ!"

ಒದೆಯುವವರಿಗೂ ದಣಿವಾಗಿತ್ತೋ, ನಿಂಬೆಹಣ್ಣಿನ ಮಾತು ವಿಚಿತ್ರವಾಗಿತ್ತೋ, ಕಾಲುಗಳು ನಿಂತವು. ಬಂಪರಿಗೆ ಮೆಣಸಿನಕಾಯಿ ಜೊತೆ ಕಟ್ಟಿದ್ದ ನಿಂಬೆಹಣ್ಣನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಅಲ್ಲೇ ಇದ್ದ ಕುಡುಗೋಲಿನಲ್ಲಿ ಅದನ್ನು ಎರಡು ಹೋಳು ಮಾಡಿದೆ. ಮುಂದಿನ ಎಡಚಕ್ರದ ಮೇಲಿನ ಕೆಂಪು ಸಿಡಿತಕ್ಕೆ ಒಂದು ಹೋಳನ್ನು ಹಿಂಡಿದೆ. ಇನ್ನೂರು ಭಾನುವಾರ ಉಪ್ಪಿನ ಕಲೆ ಉಜ್ಜಿದ ಕೈ ಕೆಲಸ ಮರೆತಿರಲಿಲ್ಲ. ಕೆಂಪು ಕರಗಿ, ನೋಡನೋಡುತ್ತ ಹಳದಿಯಾಗಿ ಇಳಿಯಿತು.

ಒಬ್ಬ ಬೆರಳಲ್ಲಿ ಮುಟ್ಟಿ ಮೂಸಿದ. "ಅರಿಸ್ನಾನೇ ಕಣ್ರಲಾ" ಅಂದ.

ಮುದುಕಿ ಕೋಲು ಕೆಳಗೆ ಹಾಕಿದಳು. ನನ್ನ ಅಂಗಿ ಹಿಡಿದು ಮಂಚದ ಕಡೆ ಕೈ ತೋರಿಸಿ, "ಆಯ್ತು ಕಣ್ ಸ್ವಾಮಿ, ನೀನಲ್ಲ. ಕಾರ್ ತಗಿ. ಆಸ್ಪತ್ರೆಗ್ ತಗೊಂಡೋಗು. ಬಾ, ಬಾ" ಅಂದಳು.

ಇಲ್ಲಿ ನಿಲ್ಲಬೇಕು. ನಾನೂ ಅಲ್ಲೇ ನಿಲ್ಲಬೇಕಿತ್ತು. ಎರಡು ಹೆಜ್ಜೆ ಹಾಕಿದ್ದರೆ ಮಂಚ. ನಾಲ್ಕು ಜನ ಎತ್ತಿದ್ದರೆ ಕಾರು. ಆದರೆ ಹಿಂದಿನಿಂದ ಯಾರೋ ಒಬ್ಬ, "ಮುಂದ್ಲು ಚಕ್ರ ಸರಿ. ಇಂದ್ಲುದು?" ಎಂದ. ಅವನಿಗೆ ಉತ್ತರ ಕೊಡುವ ಅಗತ್ಯವಿರಲಿಲ್ಲ. ಗುಂಪು ಆಗಲೇ ಸಡಿಲವಾಗಿತ್ತು. ಆದರೆ ನನಗೆ ಸಂಶಯದ ಲಾಭದ ಮೇಲೆ ಬಿಡುಗಡೆ ಬೇಡವಾಗಿತ್ತು, ಪೂರ್ತಿ ಖುಲಾಸೆ ಬೇಕಾಗಿತ್ತು. ಒಂದು ಹಲ್ಲು ಉಗಿದು, ಇನ್ನೊಂದನ್ನು ಜೇಬಿಗೆ ಹಾಕಿಕೊಂಡವನಿಗೆ ಅದು ಹಕ್ಕು ಎನಿಸಿತ್ತು. ಮುದುಕಿಯ ಕೈಯಿಂದ ಅಂಗಿ ಬಿಡಿಸಿಕೊಂಡೆ.

"ಬನ್ನಿ, ಎಲ್ಲರೂ ಬನ್ನಿ. ನಾಲ್ಕೂ ಚಕ್ರ ನೋಡಿ. ಕಣ್ಣು ಬಿಟ್ಟು ನೋಡಿ" ಎಂದು ಕೋರ್ಟಿನ ದನಿಯಲ್ಲಿ ಹೇಳಿ, ಕಾರನ್ನು ಸುತ್ತಿಬಂದು, ಬಲಗಡೆಯ ಹಿಂದಿನ ಚಕ್ರದ ಮುಂದೆ ಮೊಣಕಾಲೂರಿ ಉಳಿದ ಹೋಳನ್ನು ಹಿಂಡಿದೆ.

ಕೆಂಪು ಕೆಂಪಾಗೇ ಉಳಿಯಿತು. ಉಜ್ಜಿದೆ. ಅದು ಕಂದು ಬಣ್ಣಕ್ಕೆ ಕದಡಿ ಬೆರಳಿಗೆ ಮೆತ್ತಿತು. ಆಗ ನನಗೆ ಆ ಬಣ್ಣದ ಪರಿಚಯವಾಯಿತು. ಮೂವತ್ತು ವರ್ಷದ ಪರಿಚಯ.

"ಲೇ! ಇದು ನೆತ್ರು ಕಣ್ಲಾ!"

ಮತ್ತೆ ಶುರುವಾಯಿತು. ಈ ಸಲ ಕಾಲಲ್ಲ, ಸೌದೆ. ಎಡಗೈ ಅಡ್ಡ ಕೊಟ್ಟೆ, ಮುಂಗೈ ಮುರಿಯಿತು. ಯಾರೋ ನನ್ನ ತಲೆಯನ್ನು ಚಕ್ರಕ್ಕೇ ಒತ್ತಿ ಹಿಡಿದರು. ನೆತ್ತರು ಮೆತ್ತಿದ ಆ ಬೆಳ್ಳಿಬಣ್ಣದ ಮುಚ್ಚಳ ನನ್ನ ಕಣ್ಣಿನಿಂದ ಒಂದು ಅಂಗುಲ ದೂರದಲ್ಲಿತ್ತು. ಮುಚ್ಚಳದ ಸಂದಿಯಲ್ಲಿ, ಪ್ರತಿ ಭಾನುವಾರ ನಾನು ಹಲ್ಲುಬ್ರಷ್ಷು ಹಾಕುವ ಸಂದಿಯಲ್ಲಿ, ಒಂದು ಪುಕ್ಕ ಸಿಕ್ಕಿಕೊಂಡಿತ್ತು. ನಾಟಿಕೋಳಿಯ ಕೆಂಚು ಪುಕ್ಕ.

ಎಲ್ಲಿಂದ ಬಂತೋ ಆ ಶಕ್ತಿ. ಹಿಡಿದವರನ್ನು ಕೊಡವಿ ಎದ್ದು, ಪುಕ್ಕವನ್ನು ಹಿಡಿದುಕೊಂಡು ಜಾಲಿಮರದ ಬಳಿಗೆ ಹೋದೆ.

"ಇದೇನು?"

ಬಾಮೈದ ಒಂದು ಕಣ್ಣಲ್ಲಿ ಪುಕ್ಕ ನೋಡಿದ, ಅದೇ ಕಣ್ಣಲ್ಲಿ ನನ್ನನ್ನು ನೋಡಿದ. "ಬೆಳಗ್ಗೆ ನೀನು ಸ್ನಾನಕ್ಕೋಗಿದ್ದಲ್ಲ ಬಾವ... ಸಣ್ಣದು. ಮರಿಕೋಳಿ. ನಿನ್ ಒಳ್ಳೇದಕ್ಕೇ..."

ಉಳಿದ ಬಲಗೈಯಿಂದ ಅವನ ಕೆನ್ನೆಗೆ ಕೊಟ್ಟೆ. ಜೀವಮಾನದಲ್ಲಿ ನಾನು ಯಾರಿಗೂ ಅಂಥ ಏಟು ಕೊಟ್ಟಿಲ್ಲ. ಅವನ ಬಾಯಿಂದ ನೆತ್ತರು ಹಾರಿ ನನ್ನ ಎದೆಗೇ ಸಿಡಿಯಿತು. ಇನ್ನೊಂದು ಕೊಟ್ಟೆ. ಮೂರನೆಯದಕ್ಕೆ ನನ್ನನ್ನು ಹೊಡೆಯುತ್ತಿದ್ದವರೇ ಬಂದು ಹಿಡಿದುಕೊಂಡು, "ಬುಡು ಸ್ವಾಮಿ, ಸತ್ತೋಗ್ತಾನೆ, ಬುಡು" ಎಂದರು. ಪುಕ್ಕ ಕೈಯಿಂದ ಕೈಗೆ ಹೋಯಿತು. ಒಬ್ಬ ನಕ್ಕ. ಇನ್ನೊಬ್ಬ, "ಬಾಮೈದ ಅಂದ್ರೆ ಇಂಗಿರ್ಬೇಕು ಕಣ್ಲಾ" ಎಂದ. ನಗು ಹರಡಿತು. ಖುಲಾಸೆ ಸಂಪೂರ್ಣವಾಯಿತು.

ಆಗ ಮಂಚದ ಕಡೆಯಿಂದ ಮುದುಕಿಯ ಕೂಗು ಬಂತು. ಸಂಕಟದಲ್ಲಿ ತಾಯಿಮಾತೇ ಬಂದಿತ್ತು. "ಮುಸಲೋಡು ಸಚ್ಚಿಪೋತಾಂಡಾಡು ರಾ!" ಮುದುಕ ಸಾಯುತ್ತಿದ್ದಾನೆ ಎಂಬುದಕ್ಕೆ ಯಾರಿಗೂ ಅನುವಾದ ಬೇಕಾಗಲಿಲ್ಲ. ನಗು ಕತ್ತರಿಸಿದಂತೆ ನಿಂತಿತು. "ನಿಮ್ ತಿಥಿ ಮಾಡ! ಅವುನ್ ನೆತ್ರೆಲ್ಲ ಇಲ್ಲಿ ಅರಿದೋಯ್ತಾ ಐತೆ, ಅಲ್ಲಿ ಕೋಳಿ ನೆತ್ರು ನೋಡ್ಕಂಡು ಕಿಸೀತಾವ್ರೆ!"

ಆಂಬುಲೆನ್ಸಿಗೆ ಯಾರು ಫೋನು ಮಾಡಿದ್ದು ಎಂದು ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಯಾರೂ ಮಾಡಿರಲಿಲ್ಲ. ಎಲ್ಲರೂ ನನ್ನನ್ನು ಹೊಡೆಯುವುದರಲ್ಲಿದ್ದರು, ನಾನು ಹೊಡೆಸಿಕೊಳ್ಳುವುದರಲ್ಲಿದ್ದೆ.

ಮುದುಕನನ್ನು ಹಿಂದಿನ ಸೀಟಿನ ಮೇಲೆ, ಗಾಜಿನ ಚೂರು ಬಳಿದುಹಾಕಿ, ಮಲಗಿಸಿದರು. ಬಿಳಿ ಟವೆಲ್ಲಿನ ಗೌಸು ಕೆಂಪಾಗುವುದನ್ನು ಕನ್ನಡಿಯಲ್ಲಿ ನೋಡಿದೆ. ನೋಡಿದಾಗ ಮೊದಲು ಹೊಳೆದದ್ದು, ಇದು ಬಿಸಿನೀರಿಗೆ ಹೋಗುವುದಿಲ್ಲ, ತಣ್ಣೀರೇ ಬೇಕು ಎಂಬುದು. ಮನುಷ್ಯನ ತಲೆ ಎಂಥ ಕಸದ ಬುಟ್ಟಿ ನೋಡಿ. ಓಡಿಸಬೇಕಾದವನು ಬಾಮೈದನೇ, ಆದರೆ ಅವನಿಗೆ ಒಂದೇ ಕಣ್ಣು ಕಾಣುತ್ತಿತ್ತು, ಕೈ ಮಾತ್ರ ಎರಡೂ ನೆಟ್ಟಗಿದ್ದವು; ಹಿಂದೆ ಮಂಡಿಯೂರಿ ಕೂತು ತೊಡೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಮುದುಕಿ ಮುಂದೆ ನನ್ನ ಪಕ್ಕ. ನಾನು ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದೆ; ಗೇರು ಹಾಕಬೇಕಾದಾಗಲೆಲ್ಲ ಸ್ಟೀರಿಂಗನ್ನು ಆ ಮುದುಕಿ ಹಿಡಿದಳು, ಕುರಿಯ ಕೊಂಬು ಹಿಡಿದ ಹಾಗೆ. ಪ್ರತಿ ಗುಂಡಿಗೂ ಮುದುಕ ಕಿರುಚಿ ಬಾಮೈದನ ಭುಜವನ್ನು ಕಚ್ಚುತ್ತಿದ್ದ. ಬಾಮೈದ, "ಕಚ್ಚು ತಾತ, ಕಚ್ಚು" ಎನ್ನುತ್ತಿದ್ದ. ಪಾವಗಡ ಹತ್ತಿರ ಬಂದಾಗ ಕಚ್ಚುವುದು ನಿಂತಿತು. ನಮ್ಮ ಮೂವರಿಗೂ ಅದೇ ಹೆಚ್ಚು ಭಯವಾಯಿತು.

ಬದುಕಿದ. ಪಾವಗಡದಲ್ಲಿ ರಕ್ತ ನಿಲ್ಲಿಸಿ ತುಮಕೂರಿಗೆ ಕಳಿಸಿದರು. ಅಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಅವನನ್ನು ಕಳಿಸುವ ಮುಂಚೆ ಪಾವಗಡದಲ್ಲೇ, ನನ್ನ ಮುಂಗೈಗೆ ಪಟ್ಟಿ ಹಾಕಿದ ಡಾಕ್ಟರು, ಏನೂ ತಿಳಿಯದೆ, ಸಹಜವಾಗಿ ಹೇಳಿದರು: "ಸ್ವಲ್ಪ ಮುಂಚೆ ತಂದಿದ್ರೆ ಕಾಲು ಉಳೀತಿತ್ತೇನೋ." ಎಷ್ಟು ಮುಂಚೆ ಎಂದು ನಾನು ಕೇಳಲಿಲ್ಲ. ಮುದುಕಿ ಬಾಗಿಲ ಬಳಿ ನಿಂತಿದ್ದಳು. ನನ್ನ ಬಾಯಿಯ ಊತ ನೋಡಿದಳು, ಅದು ತನ್ನ ಕೈಕೆಲಸ ಎಂಬ ಮುಜುಗರವೂ ಅವಳಿಗಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು, ಬೈಗುಳವಿಲ್ಲದೆ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು:

"ನಾನು ಬಾ ಅಂದ್ನಲ್ಲ ಸ್ವಾಮಿ. ಇಂದ್ಲ್ ಚಕ್ರುಕ್ ಯಾಕ್ ಇಂಡಕ್ಕೋದೆ?"

ಮೂವತ್ತು ವರ್ಷ ಬೇರೆಯವರ ಜವಾಬು ಬರೆದವನು ಜೇಬಿನಲ್ಲಿದ್ದ ಹಲ್ಲನ್ನು ಬೆರಳಲ್ಲಿ ಹೊರಳಿಸುತ್ತ ನಿಂತೆ.

ಸಂಜೆ ಮನೆಗೆ ಬಂದಾಗ ಹೆಂಡತಿ ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು, ಕಾರಿನ ಹಿಂದಿನ ಸೀಟು ನೋಡಿದಳು. ಮೂರು ದಿನದ ಮಾತೆತ್ತಲಿಲ್ಲ. ತಾನೇ ತಣ್ಣೀರು ತುಂಬಿ ತಂದಿಟ್ಟಳು. ಬಾಮೈದ ನೀರು ಹೊಯ್ದ, ನಾನು ಒಂದು ಕೈಯಲ್ಲಿ ಉಪ್ಪು ಹಾಕಿ ಉಜ್ಜಿದೆ. ಯಾವ ಬನೀನು ಯಾವುದಕ್ಕೆ ಎಂದು ಅವತ್ತು ನೋಡಲಿಲ್ಲ. ಚರಂಡಿಯಲ್ಲಿ ಓಕುಳಿ, ಕೋಳಿಯದು, ಮುದುಕನದು, ನಮ್ಮಿಬ್ಬರದು, ಎಲ್ಲ ಒಟ್ಟಿಗೇ ಹೋಯಿತು. ಎದುರುಮನೆಯವರು ಬಾಗಿಲಲ್ಲಿ ನಿಂತು ನೋಡಿ, ನಾಲ್ಕು ವರ್ಷದ ನಂತರ ಮೊದಲ ಸಲ ಮಾತಾಡಿದರು. "ಏನಾಯ್ತ್ರೀ?" ಎಂದು. ನನಗೆ ಹೇಳಲು ಹಲ್ಲಿರಲಿಲ್ಲ.

ಗೌಸು ಕಸಕ್ಕೆ ಹೋಯಿತು. ಸೀಟಿನ ಹೊಲಿಗೆಯ ಸಂದಿಯಲ್ಲಿ ಒಂದು ಗೆರೆ ಮಾತ್ರ ಉಳಿಯಿತು. ಎಷ್ಟು ಭಾನುವಾರ ಉಜ್ಜಿದರೂ ಹೋಗಲಿಲ್ಲ. ಒಂದು ಸಲ ಯಾರೂ ಇಲ್ಲದಾಗ ಅದರ ಮೇಲೆ ನಿಂಬೆಹಣ್ಣು ಕೂಡ ಹಿಂಡಿದೆ. ಏನಾಗುತ್ತದೆಂದು ಗೊತ್ತಿದ್ದೇ ಹಿಂಡಿದೆ.

ಈಗ ತಿಂಗಳಿಗೊಮ್ಮೆ ಮುದುಕನನ್ನು ಹಳ್ಳಿಯಿಂದ ಪಾವಗಡದ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ. ಅವನು ಹಿಂದಿನ ಸೀಟಿನಲ್ಲಿ ಇಲ್ಲದ ಕಾಲಿನ ಕಡೆ ಊರುಗೋಲು ಚಾಚಿ, ಕಡಲೆಕಾಯಿ ತಿನ್ನುತ್ತಾನೆ. ಸಿಪ್ಪೆ ಎಲ್ಲಿ ಬೇಕೋ ಅಲ್ಲಿ ಬೀಳುತ್ತದೆ. ಹೋದ ತಿಂಗಳು ಅವನ ಬೆರಳು ಹೊಲಿಗೆಯ ಆ ಗೆರೆಗೆ ಸಿಕ್ಕಿತು. ಉಗುರಲ್ಲಿ ಕೆರೆದು ಮೂಸಿದ.

"ಇದ್ ಯಾರ್ದು ಸ್ವಾಮಿ?"

"ನಿಂದೇ ತಾತ."

ಬೆರಳನ್ನು ಪಂಚೆಗೆ ಒರೆಸಿಕೊಂಡು, "ಇರಾಕಿಲ್ಲ ಬುಡು. ಕೋಳೀದಿರ್ಬೇಕು" ಎಂದು ಗಂಟಲು ಬಿಟ್ಟು ನಕ್ಕ. ಮುಂದಿನ ಸೀಟಿನಲ್ಲಿ ಮುದುಕಿ ನಗಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು. ನಾನು ಗೇರು ಬದಲಿಸುವಾಗ ಅಭ್ಯಾಸಬಲದಿಂದ ಅವಳ ಕೈ ಸ್ಟೀರಿಂಗಿಗೆ ಬಂತು, ಹಿಡಿಯಿತು, ನನ್ನ ಎರಡೂ ಕೈ ಈಗ ನೆಟ್ಟಗಿವೆ ಎಂದು ನೆನಪಾದ ಮೇಲೆ ಬಿಟ್ಟಿತು.